ಸೀಟು ನಾಲ್ಕು, ಕ್ಯಾಮೆರಾ ಐದು

ಒಂದು ಮುಂದಿನ ಗಾಜಿಗೆ. ಒಂದು ರೆಕ್ಕೆಯ ಕೆಳಗೆ. ಒಂದು ಬಾಲಕ್ಕೆ. ಒಂದು ಹಿಂದಿನ ಸೀಟಿನವರ ತಲೆಯ ಮೇಲೆ. ಐದನೆಯದು ಸಾಹೇಬರ ಮುಖಕ್ಕೇ.

ಸೆಸ್ನಾ 172 ನಾಲ್ಕು ಸೀಟಿನ ಪುಟ್ಟ ವಿಮಾನ. ಟ್ಯಾಂಕ್ ತುಂಬಿಸಿ ನಾಲ್ಕು ಜನ ದೊಡ್ಡವರನ್ನು ಕೂರಿಸಿದರೆ ತೂಕದ ಲೆಕ್ಕ ಮೀರುತ್ತದೆ. ಹಾಗಾಗಿ ಒಬ್ಬರನ್ನು ಕೆಳಗೇ ಬಿಟ್ಟು ಹೋಗುತ್ತಾರೆ. ಕ್ಯಾಮೆರಾ ಮಾತ್ರ ಒಂದನ್ನೂ ಬಿಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರ.

ಇದು ಕ್ಯಾಲಿಫೋರ್ನಿಯಾದ ಭಾನುವಾರಗಳ ಕತೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ನಮ್ಮ ಕಡೆಯ ಹುಡುಗರಲ್ಲೂ ಕೆಲವರು ಅಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ. ಸ್ವಂತ ದುಡ್ಡು, ಸ್ವಂತ ಕಷ್ಟ. ಅವರು ಹಾರುವುದಕ್ಕೆ ನನ್ನ ತಕರಾರಿಲ್ಲ. ಹಾರಿದ್ದನ್ನು ನಾವು ಕೂತು ನೋಡಬೇಕಲ್ಲ, ಅದಕ್ಕಿದೆ. ಲೈಸೆನ್ಸ್ ಸಿಗಬೇಕಾದರೆ ಕಾಯಿದೆಯ ಪ್ರಕಾರ ಕನಿಷ್ಠ 40 ಗಂಟೆ ಹಾರಿರಬೇಕು. ವಿಡಿಯೊ ಎಡಿಟ್ ಮಾಡಲು ಅಂಥ ಕಾಯಿದೆ ಇಲ್ಲ. ನೋಡಿದರೇ ಗೊತ್ತಾಗುತ್ತದೆ.

ಫ್ಯಾಮಿಲಿ ಗ್ರೂಪಿಗೆ ಲಿಂಕ್ ಬೀಳುತ್ತದೆ. ಬೆನ್ನಿಗೇ ಹುಡುಗನ ಅಮ್ಮನ ಫೋನು. ‘ನೋಡಿದ್ರಾ? ಪೂರ್ತಿ ನೋಡಿ, ಕೊನೇಲಿ ನಿಮ್ಮ ಹೆಸರೂ ಹೇಳಿದಾನೆ.’ ಹೇಳಿರುವುದಿಲ್ಲ.

ಶುರುವಾಗುವುದೇ ಸ್ಲೋ ಮೋಷನ್ನಿನಲ್ಲಿ. ಕಪ್ಪು ಕನ್ನಡಕ ಹಾಕಿದ ನಾಯಕ ರೆಕ್ಕೆ ಸವರುತ್ತಾ ಬರುತ್ತಾನೆ. ಗಂಟೆ ಲೆಕ್ಕದ ಬಾಡಿಗೆ ವಿಮಾನ. ಸವರುವ ಗತ್ತು ನೋಡಿದರೆ ಅಜ್ಜ ವಿಲ್ ಮಾಡಿಟ್ಟ ತೋಟ ಅನ್ನಬೇಕು.

ಹಾರುವ ಮುಂಚೆ ವಿಮಾನದ ಸುತ್ತ ನಡೆದು ಒಂದೊಂದನ್ನೂ ಮುಟ್ಟಿ ನೋಡಬೇಕು. ವಿಡಿಯೊದಲ್ಲಿ ಅದಕ್ಕೆ ನಾಲ್ಕು ಸೆಕೆಂಡ್. ಕನ್ನಡಕಕ್ಕೆ ಹನ್ನೊಂದು. ರೆಕ್ಕೆಯ ಕೆಳಗಿನಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಸಿದು, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಪದ್ಧತಿ. ಈತ ಕ್ಯಾಮೆರಾಗೆ ಹಿಡಿಯುತ್ತಾನೆ. ಚೆಂದದ ತಿಳಿನೀಲಿ. ಆ ನೀಲಿಯ ವಿಚಾರಕ್ಕೆ ಆಮೇಲೆ ಬರೋಣ.

ಮೊದಲ ವಿಡಿಯೊದಲ್ಲಿ ಪ್ರೊಪೆಲರ್ ಬಾಗಿದ ಬಾಳೆಹಣ್ಣುಗಳಾಗಿ ಗಾಳಿಯಲ್ಲಿ ತೇಲುತ್ತಿತ್ತು. ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ನಿಮಿಷಕ್ಕೆ 2,400 ಸುತ್ತು ಹಾಕುವ ರೆಕ್ಕೆ ಬೇರೆಲ್ಲೋ ಇರುತ್ತದೆ. ಅದಕ್ಕೆ ಮದ್ದು ಲೆನ್ಸಿನ ಮುಂದೆ ಕಪ್ಪು ಎನ್‌ಡಿ ಫಿಲ್ಟರ್. ಬೆಳಕು ಕಡಿಮೆಯಾಗುತ್ತದೆ, ಶಟರ್ ನಿಧಾನವಾಗುತ್ತದೆ, ಪ್ರೊಪೆಲರ್ ನಯವಾಗಿ ಮಸುಕಾಗುತ್ತದೆ. ಡಾಲರ್ ಕೊಟ್ಟು ತರಿಸಿದರು. ಇಡೀ ವಿಡಿಯೊದಲ್ಲಿ ಕಣ್ಣಿಗೆ ಕಂಡ ಹಾಗೇ ಇರಲಿ ಎಂದು ಹಟ ಹಿಡಿದದ್ದು ಇದೊಂದು ವಿಷಯಕ್ಕೆ.

ಮಿಕ್ಕಿದ್ದೆಲ್ಲ ಕತ್ತರಿಗೆ.

ಎಂಜಿನ್ ಸದ್ದು ಹೋಯಿತು. ಕಿವಿಗೆ ಹೆಡ್‌ಸೆಟ್ ಇಲ್ಲದಿದ್ದರೆ ಪಕ್ಕದವರ ಮಾತೂ ಕೇಳದಷ್ಟು ಅಬ್ಬರ ಅದು. ಅದರ ಜಾಗದಲ್ಲಿ ಪುಕ್ಕಟೆ ಸಿಗುವ ಪಿಯಾನೊ. ಹೆಡ್‌ಸೆಟ್ಟಿನ ಮಾತು ನೇರ ಕ್ಯಾಮೆರಾಗೆ ಹೋಗಲಿ ಎಂದು ಬೇರೆ ಕೇಬಲ್ ಹಾಕಿದ್ದಾರೆ. ಕಂಟ್ರೋಲ್ ಟವರಿನ ಜೊತೆ ಈತ ಗಂಟಲು ದಪ್ಪ ಮಾಡಿಕೊಂಡು ಆಡಿದ ಮಾತು ಅದರಲ್ಲಿ ಸ್ಪಷ್ಟವಾಗಿ ಬಂದಿದೆ, ಕೆಳಗೆ ಹಳದಿ ಅಕ್ಷರದ ಸಬ್‌ಟೈಟಲ್ ಸಮೇತ. ಹಿಂದಿನ ಸೀಟಿನಿಂದ ಹೆಂಡತಿ ‘ರೀ, ಸಾಕು, ಇಳಿಸ್ರೀ’ ಅಂದದ್ದೂ ಅದೇ ಕೇಬಲ್ಲಿನಲ್ಲಿ ಬಂದಿತ್ತು. ಅದಿಲ್ಲ. ಆಕೆಯ ಕೈಯಲ್ಲಿದ್ದ ವಾಂತಿ ಕವರ್ ಕೂಡ ಇಲ್ಲ. ಇಳಿಯುವಾಗ ಚಕ್ರ ಮೂರು ಸಲ ಪುಟಿದಿತ್ತು. ವಿಡಿಯೊದಲ್ಲಿ ಒಂದೇ ಸಲ. ಅದಕ್ಕೆ ಅವನೇ ಕೊಟ್ಟ ಬಿರುದು ‘ಬಟರ್ ಲ್ಯಾಂಡಿಂಗ್’.

ಇಷ್ಟೆಲ್ಲ ಮಾಡಿ ಹೋದದ್ದೆಲ್ಲಿಗೆ? ಹಾಫ್ ಮೂನ್ ಬೇಗೆ, ಊಟಕ್ಕೆ. ಕಾರಿನಲ್ಲಿ ಒಂದು ಗಂಟೆಯ ದಾರಿ. ಹೀಗೆ ಹಾರಿ ಹೋಗಿ ತಿಂದು ಬರುವುದಕ್ಕೆ ಅಮೆರಿಕದ ಪೈಲಟ್‌ಗಳು ತಾವೇ ‘ನೂರು ಡಾಲರ್ ಬರ್ಗರ್’ ಅನ್ನುತ್ತಾರೆ. ಆ ಮಾತು ಹುಟ್ಟಿದ ಕಾಲದ ರೇಟು ಅದು. ಈಗಿನ ಬಿಲ್ಲು ವಿಡಿಯೊದಲ್ಲಿ ಬರುವುದಿಲ್ಲ. ಬರ್ಗರ್ ಬರುತ್ತದೆ.

ಈಗ ಆ ನೀಲಿ.

ಅದರ ಹೆಸರು 100ಎಲ್‌ಎಲ್. ಬೇರೆ ಇಂಧನದ ಜೊತೆ ಅದಲು ಬದಲಾಗದಿರಲಿ ಎಂದು ನೀಲಿ ಬಣ್ಣ ಹಾಕಿರುತ್ತಾರೆ. ಅದರಲ್ಲಿ ಸೀಸ ಇದೆ. ಲೀಟರಿಗೆ 0.56 ಗ್ರಾಮಿನವರೆಗೆ ಇರಬಹುದು. ಅಮೆರಿಕದ ರಸ್ತೆಯ ಕಾರುಗಳಿಗೆ ಸೀಸದ ಪೆಟ್ರೋಲ್ 1996ರಲ್ಲೇ ನಿಷೇಧವಾಯಿತು. ನಮ್ಮ ಬಡ ದೇಶದ ಸ್ಕೂಟರಿಗೂ 2000ನೇ ಇಸವಿಯಲ್ಲಿ ನಿಂತುಹೋಯಿತು. ಭಾನುವಾರದ ಬರ್ಗರಿಗೆ ಹಾರುವ ವಿಮಾನಕ್ಕೆ ಮಾತ್ರ ಇನ್ನೂ ನಡೆಯುತ್ತಿದೆ.

ಸ್ಯಾನ್ ಹೋಸೆಯ ಪೂರ್ವಕ್ಕೆ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣವಿದೆ. ಸುತ್ತ ದುಡಿದು ತಿನ್ನುವವರ ಮನೆಗಳು, ಹೆಚ್ಚಿನವರು ಲ್ಯಾಟಿನೊ ಜನ. ಹತ್ತಿರದಲ್ಲಿ ಬೆಳೆಯುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು ಅಲ್ಲಿನ ಕೌಂಟಿ ಮಾಡಿಸಿದ ಅಧ್ಯಯನ 2021ರಲ್ಲಿ ಹೇಳಿತು. 2022ರ ಜನವರಿ 1ರಿಂದ ಕೌಂಟಿ ಆ ಇಂಧನದ ಮಾರಾಟ ನಿಲ್ಲಿಸಿತು. ಆಗ ಎಫ್‌ಎಎ, ಅಂದರೆ ಅವರ ಕೇಂದ್ರದ ವಿಮಾನಯಾನ ಇಲಾಖೆ, ತನಿಖೆ ಶುರು ಮಾಡಿದ್ದು ಯಾರ ಮೇಲೆ? ಕೌಂಟಿಯ ಮೇಲೆ. ಈ ವಿಮಾನಗಳ ಸೀಸ ಜನರ ಆರೋಗ್ಯಕ್ಕೆ ಅಪಾಯ ಎಂದು ಅಮೆರಿಕದ ಪರಿಸರ ಇಲಾಖೆ ಅಧಿಕೃತವಾಗಿ ಹೇಳಲು 2023ರ ಅಕ್ಟೋಬರ್ ಬೇಕಾಯಿತು.

ನಮ್ಮ ಹುಡುಗನ ವಿಮಾನ ನಿಲ್ಲುವುದು ಬೇರೆ ನಿಲ್ದಾಣದಲ್ಲಿ. ಅಲ್ಲಿ ಈಗಲೂ ನೀಲಿಯೇ. ವಿಡಿಯೊದಲ್ಲಿ ಕೆಳಗಿನ ಮನೆಗಳು ಕಾಣುತ್ತವೆ. ಕಲರ್ ಗ್ರೇಡಿಂಗ್ ಮಾಡಿ ಅವಕ್ಕೂ ಹೊಂಬಣ್ಣ ಹಚ್ಚಿದ್ದಾನೆ. ಇವನ ಕಾರು ಎಲೆಕ್ಟ್ರಿಕ್, ಪರಿಸರದ ಮೇಲೆ ಪ್ರೀತಿ ಅಂತ. ಮನೆಯಿಂದ ವಿಮಾನದವರೆಗೆ ಅದರಲ್ಲೇ ಬರುತ್ತಾನೆ.

ಖಾಸಗಿ ಲೈಸೆನ್ಸಿನವನು ಹಾರಾಟಕ್ಕೆ ದುಡ್ಡು ಪಡೆಯುವಂತಿಲ್ಲ ಎಂಬುದು ಅಮೆರಿಕದ ಕಾನೂನು. ಜೊತೆಗೆ ಬಂದವರು ಇಂಧನ, ಬಾಡಿಗೆ, ನಿಲ್ದಾಣದ ಖರ್ಚಿನಲ್ಲಿ ತಮ್ಮ ಪಾಲು ಕೊಡಬಹುದು, ಅಷ್ಟೆ. ಪೈಲಟ್ ತನ್ನ ಪಾಲು ತಾನೇ ಹಾಕಬೇಕು. ನಮ್ಮವನು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾನೆ. ಗೆಳೆಯನಿಂದ ಇಪ್ಪತ್ತು ಸೆಂಟ್ ಹೆಚ್ಚು ಬಂದರೂ ವಾಪಸ್ ಕಳಿಸುತ್ತಾನೆ. ವಿಡಿಯೊದ ಕೆಳಗೆ ಹೆಡ್‌ಸೆಟ್ ಕಂಪನಿಯ ಕೂಪನ್ ಕೋಡ್ ಇದೆ. ಕ್ಯಾಮೆರಾ ಕೊಳ್ಳಲು ಕಮಿಷನ್ ಲಿಂಕ್ ಇದೆ. ನಡುನಡುವೆ ಜಾಹೀರಾತು ಬರುತ್ತದೆ. ಅದು ಹಾರಾಟದ ದುಡ್ಡಲ್ಲ, ಕಲೆಯ ದುಡ್ಡು.

ಇನ್ನು ಇವರ ಸುರಕ್ಷತೆಯ ಉಪದೇಶ. ಪ್ರತಿ ವಿಡಿಯೊದಲ್ಲೂ ‘ಸೇಫ್ಟಿ ಫಸ್ಟ್, ಫ್ರೆಂಡ್ಸ್’. ಹಾಗಂದದ್ದು ಕ್ಯಾಮೆರಾ ಕಡೆ ತಿರುಗಿ. ಅಷ್ಟು ಹೊತ್ತು ಮುಂದೆ ನೋಡುತ್ತಿದ್ದವರು ಯಾರು?

2014ರ ಮೇ 31ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಕೊಲರಾಡೊದ ವಾಟ್ಕಿನ್ಸ್ ಬಳಿ ಒಂದು ಸೆಸ್ನಾ 150 ನೆಲಕ್ಕೆ ಬಿತ್ತು. ಕತ್ತಲು, ತಗ್ಗಿನಲ್ಲಿ ಮೋಡ. ಇಬ್ಬರೂ ಸತ್ತರು. ಅವಶೇಷದ ಬಳಿ ಒಂದು ಗೋಪ್ರೊ ಕ್ಯಾಮೆರಾ ಸಿಕ್ಕಿತು. ಆ ಕೊನೆಯ ಹಾರಾಟ ಅದರಲ್ಲಿರಲಿಲ್ಲ. ಅದಕ್ಕೆ ಮುಂಚಿನವು ಇದ್ದವು. ರಾತ್ರಿ ಹೊತ್ತು, ವಿಮಾನ ರನ್‌ವೇ ಮೇಲೆ ಓಡುವಾಗ, ಏರುವಾಗ, ಮೊಬೈಲಿನ ಫ್ಲ್ಯಾಶ್ ಹೊಳೆಯಿಸಿ ಸೆಲ್ಫಿ. ಪೈಲಟ್ ದಿಕ್ಕುದೆಸೆಯ ಅರಿವು ತಪ್ಪಿ ಹಿಡಿತ ಕಳೆದುಕೊಂಡ, ಫೋನಿನ ಕಡೆ ಗಮನ ಹೋದದ್ದೂ ಅದಕ್ಕೆ ಕಾರಣವಾಗಿರಬಹುದು ಎಂದು ತನಿಖೆ ಹೇಳಿತು. ಇಂಥದ್ದಕ್ಕೆ ಯಾರೂ ಪಿಯಾನೊ ಹಾಕುವುದಿಲ್ಲ.

ಇಷ್ಟಕ್ಕೇ ನಿಂತಿತೇ? ಹಾರುವಾಗ ವಿಡಿಯೊ ಮಾಡುವುದು ಹಳತಾಯಿತು. ವಿಡಿಯೊಗಾಗಿ ಹಾರುವುದು ಬಂತು. ಆಮೇಲೆ ವಿಡಿಯೊಗಾಗಿ ಬೀಳಿಸುವುದು.

ಟ್ರೆವರ್ ಜೇಕಬ್ ಎಂಬಾತ ಹಿಂದೆ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಆಡಿದವನು. 2021ರ ನವೆಂಬರ್ 24ರಂದು ಕ್ಯಾಲಿಫೋರ್ನಿಯಾದ ಲೊಂಪೊಕ್‌ನಿಂದ ಮ್ಯಾಮತ್ ಲೇಕ್ಸ್‌ಗೆಂದು ಹಳೆಯ ಟೇಲರ್‌ಕ್ರಾಫ್ಟ್ ಹತ್ತಿ ಒಬ್ಬನೇ ಹೊರಟ. ಗೆಳೆಯನ ಚಿತಾಭಸ್ಮ ಚೆಲ್ಲಲು ಹೋಗುತ್ತಿದ್ದೇನೆ ಅಂದ. ವಿಮಾನದ ಮೈಮೇಲೆ ಕ್ಯಾಮೆರಾಗಳು. ಕೈಯಲ್ಲಿ ಸೆಲ್ಫಿ ಕೋಲು. ಬೆನ್ನಿಗೆ ಪ್ಯಾರಾಚೂಟ್. ಲಾಸ್ ಪಾಡ್ರೆಸ್ ಕಾಡಿನ ಮೇಲೆ ಎಂಜಿನ್ ನಿಂತಿತು, ಈತ ಹಾರಿಕೊಂಡ. ವಿಮಾನ ಬೆಟ್ಟಕ್ಕೆ ಬಡಿಯಿತು. ಡಿಸೆಂಬರ್ ಕೊನೆಯಲ್ಲಿ ವಿಡಿಯೊ ಬಂತು. ಪರ್ಸ್ ಮಾರುವ ಕಂಪನಿಯ ಪ್ರಾಯೋಜಕತ್ವದಲ್ಲಿ.

ನೋಡಿದ ಪೈಲಟ್‌ಗಳು ಬೆಪ್ಪರಾಗಲಿಲ್ಲ. ಎಂಜಿನ್ ನಿಲ್ಲುವ ಮುಂಚೆಯೇ ಬಾಗಿಲು ಏಕೆ ತೆರೆದಿದೆ? ಎಂಜಿನನ್ನು ಮತ್ತೆ ಚಾಲೂ ಮಾಡಲು ಒಂದು ಸಲವಾದರೂ ನೋಡಿದನೇ? ರೇಡಿಯೊದಲ್ಲಿ ಯಾರನ್ನಾದರೂ ಕರೆದನೇ? 2022ರ ಏಪ್ರಿಲ್‌ನಲ್ಲಿ ಎಫ್‌ಎಎ ಲೈಸೆನ್ಸ್ ಕಿತ್ತುಕೊಳ್ಳುವಾಗ ಹೇಳಿದ್ದೂ ಇದನ್ನೇ.

ಇದಕ್ಕಿಂತ ದೊಡ್ಡ ಎಡಿಟಿಂಗ್ ಅಷ್ಟರಲ್ಲಾಗಲೇ ಮುಗಿದಿತ್ತು. ಅವಶೇಷ ಎಲ್ಲಿ ಬಿದ್ದಿದೆ ಗೊತ್ತಿಲ್ಲ ಎಂದು ತನಿಖೆಯವರಿಗೆ ಹೇಳಿದವನು, ಹೆಲಿಕಾಪ್ಟರ್ ತರಿಸಿ ಅದನ್ನು ಎತ್ತಿಸಿದ, ಹ್ಯಾಂಗರಿಗೆ ಸಾಗಿಸಿದ, ತುಂಡು ತುಂಡು ಮಾಡಿ ಕಸದ ತೊಟ್ಟಿಗಳಿಗೆ ಹಾಕಿದ. ವಿಡಿಯೊ ಕತ್ತರಿಸಿ ಕೈ ಪಳಗಿದವನಿಗೆ ವಿಮಾನವನ್ನೂ ಕತ್ತರಿಸಬಹುದು ಅನ್ನಿಸಿತು. 2023ರ ಡಿಸೆಂಬರ್‌ನಲ್ಲಿ ಆರು ತಿಂಗಳ ಜೈಲಾಯಿತು. ಗಮನಿಸಿ, ಜೈಲು ವಿಮಾನ ಬೀಳಿಸಿದ್ದಕ್ಕಲ್ಲ. ತನಿಖೆಗೆ ಅಡ್ಡಿಯಾಗುವಂತೆ ಸಾಕ್ಷ್ಯ ನಾಶ ಮಾಡಿದ್ದಕ್ಕೆ.

ಅಮೆರಿಕದವರಿಗೆ ಬೈದು ಎದೆ ಉಬ್ಬಿಸಬೇಡಿ. ನಮ್ಮಲ್ಲೂ ಹಾರಾಟದ ಹೋಮ್ ವಿಡಿಯೊ ಇವೆ, ಖರ್ಚು ನಮ್ಮದು. ಕೃಷ್ಣೆ, ಭೀಮೆ ಉಕ್ಕಿದ ಮಳೆಗಾಲದಲ್ಲಿ ಬರುತ್ತವೆ. ಹೆಸರು ವೈಮಾನಿಕ ಸಮೀಕ್ಷೆ. ಹೆಲಿಕಾಪ್ಟರಿನ ಕಿಟಕಿ ಪಕ್ಕ ಮಾನ್ಯರು, ಹಣೆಯಲ್ಲಿ ನೆರಿಗೆ, ಕೈಯಲ್ಲಿ ನಕಾಶೆ. ಮುಳುಗಿದ ತೊಗರಿ ಹೊಲ ಕಿಟಕಿಯಾಚೆ ಇದೆ. ಕ್ಯಾಮೆರಾ ತಿರುಗಿರುವುದು ಈಚೆಗೆ. ಮನೆ ಕಳೆದುಕೊಂಡವರಿಗೆ ಪರಿಹಾರ ತಲುಪುವ ಮುಂಚೆ ವಿಡಿಯೊ ತಲುಪುತ್ತದೆ, ಪಿಟೀಲು ಸಮೇತ.

ಸಾಮಾನ್ಯ ಪ್ರಯಾಣಿಕನಿಗಾದರೆ ಬೇರೆ ಕಾನೂನು. 2020ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಿಂದ ಮುಂಬೈಗೆ ಹೋದ ವಿಮಾನದೊಳಗೆ ಒಬ್ಬ ನಟಿಯ ಫೋಟೊಕ್ಕೆ ಮಾಧ್ಯಮದವರು ಮುಗಿಬಿದ್ದರು. ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಸಿಡಿದೆದ್ದಿತು. ವಿಮಾನದಲ್ಲಿ ನಿಯಮ ಮೀರಿ ಫೋಟೊ ತೆಗೆದರೆ ಆ ಮಾರ್ಗದ ಆ ವಿಮಾನವೇ ಎರಡು ವಾರ ರದ್ದು ಎಂದು ಆದೇಶಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುದಿನವೇ ಸ್ಪಷ್ಟನೆ: ಪ್ರಯಾಣಿಕರು ಫೋಟೊ, ವಿಡಿಯೊ ತೆಗೆಯಬಹುದು, ಗಲಾಟೆ ಆಗಬಾರದು ಅಷ್ಟೆ. ಒಂದು ದಿನದ ಮಟ್ಟಿಗಾದರೂ ದೇಶ ನೆಮ್ಮದಿಯಾಗಿತ್ತು.

ಈ ಗುಂಪಿನಲ್ಲಿ ನನಗೆ ಗೌರವ ಇರುವುದು ಒಂದರ ಮೇಲೆ ಮಾತ್ರ. ಲಾಸ್ ಏಂಜಲೀಸ್‌ನಲ್ಲಿ ಖಾಸಗಿ ಜೆಟ್ಟಿನ ಒಳಭಾಗದಂತೆ ಕಟ್ಟಿದ ಒಂದು ಸ್ಟುಡಿಯೊ ಇದೆ ಎಂಬುದು ಅದೇ 2020ರಲ್ಲಿ ಬಯಲಾಯಿತು. ಆಗ ಗಂಟೆಗೆ 64 ಡಾಲರ್ ಬಾಡಿಗೆ ಇತ್ತು. ಹೋಗಿ ಕೂತು, ಕಿಟಕಿಯಾಚೆ ನೋಡುವ ಹಾಗೆ ಮಾಡಿ, ಫೋಟೊ ತೆಗೆಸಿಕೊಂಡು ಬರುವುದು. ಜಗತ್ತೆಲ್ಲ ನಕ್ಕಿತು, ಮೋಸ ಅಂತ. ಏನು ಮೋಸ? ಎಂಜಿನ್ ಇಲ್ಲ, ಸೀಸ ಇಲ್ಲ, ಕೆಳಗೆ ಯಾರ ಮಕ್ಕಳೂ ಇಲ್ಲ. ಪೈಲಟ್ ಕಣ್ಣು ಎಲ್ಲಿದ್ದರೂ ನಡೆಯುತ್ತದೆ. ಬೀಳುವುದಿದ್ದರೆ ಕುರ್ಚಿಯಿಂದ ಕೆಳಕ್ಕೆ. ನಮ್ಮ ಹುಡುಗನ ಮುಂದಿನ ಹುಟ್ಟುಹಬ್ಬಕ್ಕೆ ಫ್ಯಾಮಿಲಿ ಗ್ರೂಪಿನವರೆಲ್ಲ ಸೇರಿ ಅಲ್ಲೇ ಎರಡು ಗಂಟೆ ಬುಕ್ ಮಾಡಿಕೊಡುತ್ತೇವೆ. ನನ್ನ ಪಾಲಿನ ದುಡ್ಡು ಈಗಲೇ ರೆಡಿ ಇದೆ.