ಒಂದು ತೊಟ್ಟು ಕಡಲಿನ ಸಂಸಾರ

ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಮಹಾಶಯನು 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಪ್ರಕಟಿಸಿ, ಸಮುದ್ರವನ್ನು ಗೃಹಸ್ಥರ ನಡುಮನೆಗೆ ತಂದಿರಿಸುವ ಹುಚ್ಚನ್ನು ಹಬ್ಬಿಸಿದನಷ್ಟೆ. ಆ ಹುಚ್ಚಿನ ವಾರಸುದಾರರಾದ ನಾವು ದುಬಾರಿ ಮೀನುಗಳನ್ನೇ ತೊಟ್ಟಿಯ ಯಜಮಾನರೆಂದು ಭಾವಿಸಿರುತ್ತೇವಾದರೂ, ಗಾಜಿನ ಪಾಚಿಯನ್ನು ಕೆರೆದು ಒಂದು ತೊಟ್ಟು ಉಪ್ಪುನೀರನ್ನು ಸೂಕ್ಷ್ಮದರ್ಶಕದಡಿಯಲ್ಲಿರಿಸಿದೊಡನೆ ಆ ಭ್ರಾಂತಿ ನಿವಾರಣೆಯಾಗುತ್ತದೆ. ಅಲ್ಲಿ, ಒಂದು ಮಿಲಿಮೀಟರಿನ ಆಸುಪಾಸಿನ ದೇಹದಲ್ಲಿ, ಹಣೆಯ ನಡುವೆ ಒಂದೇ ಒಂದು ಕೆಂಗಣ್ಣನ್ನಿಟ್ಟುಕೊಂಡು, ಶುಕ್ರಾಚಾರ್ಯರಿಗೂ ಮಿಗಿಲಾದ ಗತ್ತಿನಿಂದ ಕೋಪಿಪಾಡ್ ಎಂಬ ಕಠಿನಚರ್ಮಿಯು ಸರ್ರನೆ ಕುಪ್ಪಳಿಸುತ್ತಿರುತ್ತದೆ.

ಈ ಕೋಪಿಪಾಡ್‌ಗಳಲ್ಲಿ ಟೈಗ್ರಿಯೋಪಸ್ ಕುಲದ ಗಂಡಂತೂ, ಹೆಣ್ಣು ಕಡೆಯ ಪೊರೆಯನ್ನು ಕಳಚುವ ಮುಹೂರ್ತಕ್ಕಾಗಿ ಕಾಯುತ್ತ, ಆಕೆಯನ್ನು ಸ್ಪರ್ಶಾಂಗಗಳಿಂದ ಭದ್ರವಾಗಿ ಹಿಡಿದು ದಿನಗಟ್ಟಲೆ ಜೊತೆಯಲ್ಲಿಯೇ ಈಜುತ್ತದೆ. ಜಾತಕವನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ತಾಯಿಯ ಬಾಲದಡಿಯ ಚೀಲದೊಳಗಿನ ಮೊಟ್ಟೆಗಳಿಂದ ಹೊರಬಿದ್ದ ಮರಿಗಳಿಗೆ ಹೆತ್ತವರ ಹೋಲಿಕೆಯೇ ಇಲ್ಲ. ನಾಪ್ಲಿಯಸ್ ಎಂಬ ಆರು ಮರಿ-ಅವಸ್ಥೆಗಳನ್ನು ದಾಟಿದ ಮೇಲಷ್ಟೇ ಕುಲದ ಚಹರೆ ಮೂಡುವುದು (ನಮ್ಮ ನೆಂಟರಿಷ್ಟರ ಕೆಲವು ಮಕ್ಕಳಿಗೆ ಅಷ್ಟೂ ಸಾಲದು).

ಇಷ್ಟೆಲ್ಲವನ್ನು ಕಂಡು ತಲೆಯೆತ್ತಿದರೆ, ಚಿತ್ರವಿಚಿತ್ರ ವರ್ಣಗಳ ಮ್ಯಾಂಡರಿನ್ ಮೀನು ಇದೇ ಕುಟುಂಬಗಳನ್ನು ಬಂಡೆಯ ಮೇಲಿಂದ ಒಂದೊಂದಾಗಿ ಹೆಕ್ಕಿ ನುಂಗುತ್ತಿರುತ್ತದೆ. ಅದರ ಸೌಂದರ್ಯವನ್ನು ಬಾಯ್ತುಂಬ ಹೊಗಳುವ ಅತಿಥಿಗಳಿಗೆ ಆಮೇಲೆ ಕಾಫಿ ಕೊಡಲೂ ಮನಸ್ಸು ಬಾರದು.