ಒಗ್ಗರಣೆ ಬಂದ್

ನಮ್ಮ ಮನೆಯಲ್ಲಿ ಒಂಬತ್ತು ದಿನದಿಂದ ಒಗ್ಗರಣೆ ಬಂದ್. ಕಾರಣ, ಮಗ ಸಾಕಿರುವ ಗೋಸುಂಬೆ. ಗೇಣುದ್ದವೂ ಇಲ್ಲ, ಹೆಸರು ಲಿಯೊ.

ಡಲ್ಲಾಸಿಗೆ ಬಂದಿಳಿದ ದಿನವೇ ಅತ್ತೆ ಅದನ್ನು ಓತಿಕ್ಯಾತ ಎಂದು ಕರೆದು ಮೊಮ್ಮಗನ ಕೋಪಕ್ಕೆ ಗುರಿಯಾಗಿದ್ದರು. ಆಮೇಲೆ ಅದರ ಊಟದ ವೈಭವ ಕಂಡು ದಂಗಾದರು. ಕ್ರಿಕೆಟ್ ಹುಳಕ್ಕೆ ಹಿಂದಿನ ದಿನವೇ ಕ್ಯಾರೆಟ್ಟು, ಸೊಪ್ಪು ತಿನ್ನಿಸಬೇಕು. ಹುಳ ತಿಂದದ್ದೇ ಲಿಯೊಗೆ ಸತ್ವ. ಮೇಲೆ, ಒಬ್ಬಟ್ಟಿಗೆ ಹಿಟ್ಟು ಸವರಿದಂತೆ ಕ್ಯಾಲ್ಸಿಯಂ ಪುಡಿ. ಹುಳದ ಗಾತ್ರ ಅವನ ಎರಡು ಕಣ್ಣಿನ ನಡುವಿನ ಅಗಲ ಮೀರುವಂತಿಲ್ಲ. ಇಷ್ಟು ಮಾಡಿದರೂ ಒಂದು ದಿನ ಮುಖ ತಿರುಗಿಸಿದ.

"ಅಮ್ಮಾ, ಅವನಿಗೆ ಕ್ರಿಕೆಟ್ ಬೋರಾಗಿದೆ."

"ಅವನಿಗಾದರೂ ಬುದ್ಧಿ ಬಂತಲ್ಲ" ಎಂದು ನಾನು ಟಿವಿ ಮುಂದಿದ್ದ ಗಂಡನ ಕಡೆ ನೋಡಿದೆ. ಎರಡನೇ ದಿನ ಉಪ್ಪಿಟ್ಟು ಕಂಡರೆ ಮೂಗು ಮುರಿಯುವ ಮಗನಿಗೆ ಲಿಯೊನ ಸಂಕಟ ತಕ್ಷಣ ಅರ್ಥವಾಯಿತು. ವೆರೈಟಿಗೆಂದು ತರಿಸಿದ: 15 ಡಾಲರಿಗೆ 25 ರೇಷ್ಮೆ ಹುಳ.

ಅತ್ತೆ ಶಿಡ್ಲಘಟ್ಟದ ಕಡೆಯವರು.

ಲಿಯೊ ಮೂರನೆಯದನ್ನು ನುಂಗುವಷ್ಟರಲ್ಲಿ ದೇವರ ಮನೆಯಿಂದ ಓಡಿಬಂದು ಡಬ್ಬಿ ಕಿತ್ತುಕೊಂಡರು. "ಲೋ, ಈ ಹುಳಾನೇ ಕಣೋ ನಿಮ್ಮಪ್ಪನ್ನ ಇಂಜಿನಿಯರಿಂಗ್ ಓದಿಸಿದ್ದು! ಓತಿಕ್ಯಾತಕ್ಕೆ ಹಾಕ್ತೀಯಾ?" ಮಗ ಅಪ್ಪನ ಮುಖ ನೋಡಿದ. ಇಂಜಿನಿಯರ್ ಸಾಹೇಬರು ಫೋನಿನೊಳಗೆ ಮುಖ ಹುದುಗಿಸಿಕೊಂಡರು.

ಅಂದಿನಿಂದ ಮಹಡಿಯ ಗೆಸ್ಟ್ ರೂಮೇ ಹುಳದ ಮನೆ. ಪಕ್ಕದ ಬೀದಿಯ ಹಿಪ್ಪುನೇರಳೆ ಮರ ಪತ್ತೆಯಾಯಿತು. ನೆಂದ ಸೊಪ್ಪು ಹುಳಕ್ಕಾಗದು. ಮಳೆ ಬಂದ ದಿನ ಅತ್ತೆ ನನ್ನ ಹೇರ್ ಡ್ರೈಯರ್ ಹಿಡಿದು ಒಂದೊಂದೇ ಎಲೆ ಒಣಗಿಸಿದರು. ಘಾಟು ತಾಗಬಾರದೆಂದು ಗಂಡನ ಸೆಂಟು ಗ್ಯಾರೇಜಿಗೆ ಹೋಯಿತು. ನಾನು ಸಾಸಿವೆ ಡಬ್ಬಿ ಮುಟ್ಟಿದರೆ ಸಾಕು, ಮಹಡಿಯಿಂದ ಕೂಗು: "ಜ್ವರಕ್ಕೆ ಕೂತಿವೆ!" ಪೊರೆ ಬಿಡುವುದಕ್ಕೆ ಹಾಗನ್ನುತ್ತಾರೆಂದು ತಿಳಿಯದ ಮಗ ಥರ್ಮಾಮೀಟರ್ ಹಿಡಿದು ಓಡಿದ.

ಮೊನ್ನೆ ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಅಜ್ಜಿ, ಮೊಮ್ಮಗ ಇಬ್ಬರೂ ಟಾರ್ಚ್ ಬೆಳಕಿನಲ್ಲಿ ಸೊಪ್ಪು ಹಾಕುತ್ತಿದ್ದರು. "ಕೇಳಿಸ್ತಾ? ಮಳೆ ಹುಯ್ದಂಗೆ ಸದ್ದು." ಸಾವಿರಾರು ಹುಳ ಮೇಯುವ ಮನೆಯ ಸದ್ದು ಅದು, 22 ಹುಳಕ್ಕೆಲ್ಲಿಂದ ಬರಬೇಕು? ಮಗ ಕಿವಿಗೊಟ್ಟು, "ಹೂಂ ಅಜ್ಜಿ" ಎಂದ. ನಾನು ಬಾಗಿಲು ಮುಂದೆಳೆದು ಬಂದೆ.

ಲಿಯೊಗೆ ಈಗ ಸೋಲ್ಜರ್ ನೊಣದ ಮರಿಹುಳ. ಅದರಲ್ಲೇ ಕ್ಯಾಲ್ಸಿಯಂ ಇರುವುದರಿಂದ ಪುಡಿಯ ಖರ್ಚೂ ಕಮ್ಮಿ. "ಅದು ನಮಗೇನೂ ಆಗಬೇಕಿಲ್ಲ, ತಿನ್ಲಿ" ಎಂದು ಅತ್ತೆಯ ಅಪ್ಪಣೆಯಾಗಿದೆ. ಅವನು ಮಾತ್ರ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಮಹಡಿ ಮೆಟ್ಟಿಲ ಮೇಲೆ ಇಟ್ಟಿದ್ದಾನೆ. ಅವನಿಗೆ ಬಗೆಬಗೆ; ನಮಗೆ ದಿನಾ ಬೋಳು ತೊವ್ವೆ.

ನಿನ್ನೆ ಹುಳ ಹಣ್ಣಾದವು. ಅವು ಗೂಡು ಕಟ್ಟಲೆಂದು ಪೀಜಾ ಡಬ್ಬಿ ಕತ್ತರಿಸಿ ಅತ್ತೆ ಚಂದ್ರಿಕೆ ಮಾಡಿದ್ದಾರೆ. ಗೂಡಿನ ರೇಟು ಕೇಳಲು ಶಿಡ್ಲಘಟ್ಟಕ್ಕೆ ಫೋನೂ ಹೋಗಿದೆ. ಗೂಡು ಕಟ್ಟಿ ಮುಗಿಯಲು ಇನ್ನೂ ಮೂರು ದಿನ; ಅಲ್ಲಿಯವರೆಗೆ ಒಗ್ಗರಣೆಯ ಮಾತೆತ್ತುವಂತಿಲ್ಲ.

ಗೋಸುಂಬೆ ಸಾಕುವ ಹೊರನಾಡ ಬಂಧುಗಳಲ್ಲಿ ಒಂದೇ ವಿನಂತಿ: ಹುಳ ತರಿಸುವ ಮುನ್ನ ಅತ್ತೆಯ ಊರು ಯಾವುದೆಂದು ನೋಡಿಕೊಳ್ಳಿ.