ಕಾರು ಮಾರಾಟಕ್ಕಿದೆ, ದರ್ಶನ ಉಚಿತ

ಕ್ಯಾಲಿಫೋರ್ನಿಯಾದಲ್ಲಿ ನನ್ನ 1993ರ ಮಾಜ್ದಾ ಆರ್‌ಎಕ್ಸ್-7 ಮಾರಾಟಕ್ಕಿದೆ ಎಂದದ್ದೇ ತಡ, ಹುಡುಗರ ಹಿಂಡು ಬಂತು. ಕೊಳ್ಳುವುದಕ್ಕಲ್ಲ, ದರ್ಶನಕ್ಕೆ. ಬಾನೆಟ್ ಎತ್ತಿಸಿ, ಪಿಸ್ಟನ್ನೇ ಇಲ್ಲದ 1.3 ಲೀಟರಿನ ರೋಟರಿ ಎಂಜಿನ್ನಿಗೆ ಕೈಮುಗಿದು, ಫೋಟೊ ಹೊಡೆದುಕೊಂಡು, ನನ್ನವಳು ಮಾಡಿದ ಕಾಫಿ ಕುಡಿದು ಹೋಗುತ್ತಾರೆ. ‘ಕಂಪ್ರೆಷನ್ ಎಷ್ಟಿದೆ?’ ಎಂದವರಿಗೆ ನನ್ನ ಬಿ.ಪಿ.ಯನ್ನೇ ಹೇಳಿಬಿಡೋಣ ಅನ್ನಿಸುತ್ತದೆ. ದೊಡ್ಡ ಟರ್ಬೊ, ಗುಡುಗುವ ಸೈಲೆನ್ಸರ್ ಅಂತ ನಾನು ಸುರಿದ ದುಡ್ಡನ್ನು ಬೆಲೆಗೆ ಕೂಡಿಸುವುದಿರಲಿ, ಮಹಾನುಭಾವರು ಅದರಿಂದ ಕಳೆಯುತ್ತಾರೆ! ಸಾಲದ್ದಕ್ಕೆ ಇಲ್ಲಿ ಹೊಗೆ ಪರೀಕ್ಷೆಯ ಸರ್ಟಿಫಿಕೇಟು ಮಾರುವವನೇ ಕೊಡಬೇಕು. ಅದಕ್ಕೆ, ಬಿಚ್ಚಿಟ್ಟ ಕಂಪನಿ ಪೈಪುಗಳನ್ನೆಲ್ಲ ಮತ್ತೆ ಜೋಡಿಸಬೇಕು. ಅವುಗಳ ಮೇಲೆ ಹಲಗೆ ಹಾಸಿ ಮನೆಯಾಕೆ ಕರಿಬೇವಿನ ಕುಂಡಗಳನ್ನು ಇಟ್ಟಿದ್ದಾಳೆ. ‘ರೀ, ಗಿಡ ಅಲುಗಾಡಿಸಬೇಡಿ. ಬೇಕಾದರೆ ಕಾರನ್ನೇ ಇಟ್ಕೊಳ್ಳಿ’ ಅಂದಳು. ನಾನು ಆಜ್ಞಾಪಾಲಕ ಗಂಡ.